ರೋಮಿಯೋ–ಜೂಲಿಯೆಟ್: ಯಾವ ಓದನ್ನು ಆರಿಸಿಕೊಳ್ಳುವುದು?

ರೋಮಿಯೋ–ಜೂಲಿಯೆಟ್ ಕಥೆ ಗೊತ್ತಿಲ್ಲದವರು ವಿರಳ. ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರೂ ಅಷ್ಟೇ ವಿರಳ. ಓದಲು ಕೂತವರಿಗೆ, ಅದರಲ್ಲೂ ರಂಗಕ್ಕೆ ತರಲು ಹೊರಟವರಿಗೆ, ಆರಂಭದಲ್ಲೇ ಒಂದು ತೊಡಕು ಎದುರಾಗುತ್ತದೆ. ಈ ಇಬ್ಬರು ಮಕ್ಕಳು ಸತ್ತದ್ದು ಏಕೆ? ವಿಧಿಯಿಂದಲೋ, ಆತುರದಿಂದಲೋ, ಒಂದು ಕಾಗದ ತಲುಪದೆ ಹೋದದ್ದರಿಂದಲೋ, ಎರಡು ಮನೆತನಗಳ ಹಗೆಯಿಂದಲೋ? ಪರೀಕ್ಷೆಗೆ ಬರೆಯುವ ವಿದ್ಯಾರ್ಥಿ ನಾಲ್ಕನ್ನೂ ಒಂದೊಂದು ಪುಟಕ್ಕೆ ಹಂಚಿ ಪಾರಾಗಬಹುದು. ನಿರ್ದೇಶಕರಿಗೆ ಆ ಅನುಕೂಲವಿಲ್ಲ. ಯಾವ ಸಾಲಿಗೆ ಕತ್ತರಿ ಹಾಕಬೇಕು, ಅಪ್ಪನ ಪಾತ್ರಕ್ಕೆ ಯಾರನ್ನು ಹಾಕಬೇಕು, ಕೊನೆಯ ದೃಶ್ಯದಲ್ಲಿ ಯಾರು ಯಾರ ಪಕ್ಕ ನಿಲ್ಲಬೇಕು ಎಂಬುದೆಲ್ಲ ಈ ಉತ್ತರದ ಮೇಲೆಯೇ ನಿಂತಿದೆ.

ಹೋಲಿಸುವ ಮುನ್ನ ಒಂದಿಷ್ಟು ಹಿನ್ನೆಲೆ. ಶೇಕ್ಸ್‌ಪಿಯರ್ ಇದನ್ನು ಬರೆದದ್ದು 1595ರ ಆಸುಪಾಸಿನಲ್ಲಿ. 1597ರಲ್ಲಿ ಒಂದು ಚಿಕ್ಕ, ಒರಟು ಮುದ್ರಣ ಬಂತು. 1599ರಲ್ಲಿ ಅದಕ್ಕಿಂತ ಉದ್ದದ, ತಿದ್ದಿದ ಮುದ್ರಣ. ಇಂದಿನ ಪುಸ್ತಕಗಳಲ್ಲಿರುವುದು ಬಹುಮಟ್ಟಿಗೆ ಎರಡನೆಯದು. ಕಥೆ ಅವನ ಸ್ವಂತದ್ದಲ್ಲ. ಇಟಲಿಯ ಕಥೆಗಾರರ ಕೈಯಲ್ಲಿ ಬೆಳೆದು, ಫ್ರೆಂಚ್ ಮಾರ್ಗವಾಗಿ ಇಂಗ್ಲಿಷಿಗೆ ಬಂದು, 1562ರಲ್ಲಿ ಆರ್ಥರ್ ಬ್ರೂಕ್ ಬರೆದ ನೀಳ್ಗವನದ ರೂಪದಲ್ಲಿ ಅವನಿಗೆ ಸಿಕ್ಕಿತು. ಬ್ರೂಕ್‌ನಲ್ಲಿ ತಿಂಗಳುಗಟ್ಟಲೆ ನಡೆಯುವ ಕಥೆಯನ್ನು ಶೇಕ್ಸ್‌ಪಿಯರ್ ನಾಲ್ಕೈದು ದಿನಗಳಿಗೆ ಹಿಂಡಿದ. ಅಲ್ಲಿ 16 ವರ್ಷದವಳಾಗಿದ್ದ ಹುಡುಗಿಯನ್ನು ಇನ್ನೂ 14 ತುಂಬದವಳನ್ನಾಗಿ ಮಾಡಿದ. ಯಾವ ವ್ಯಾಖ್ಯಾನವನ್ನು ಹಿಡಿದರೂ ಅದು ಈ ಎರಡು ಬದಲಾವಣೆಗಳಿಗೆ ಲೆಕ್ಕ ಕೊಡಬೇಕು. ಜೊತೆಗೆ ನನ್ನದೊಂದು ಪರೀಕ್ಷೆಯಿದೆ: ಮೂರನೆಯ ಅಂಕದ ಐದನೆಯ ದೃಶ್ಯದಲ್ಲಿ, ಅಂದರೆ ಮನೆಯವರು ಗೊತ್ತುಮಾಡಿದ ವರ ಪ್ಯಾರಿಸ್‌ನನ್ನು ಒಲ್ಲೆನೆಂದ ಜೂಲಿಯೆಟ್‌ಳ ಮೇಲೆ ಅಪ್ಪ ಹರಿಹಾಯುವ ದೃಶ್ಯದಲ್ಲಿ, ಆ ಓದಿಗೆ ಹೇಳಲು ಏನಾದರೂ ಇದೆಯೇ? ಇಲ್ಲದಿದ್ದರೆ ಅದು ಎಷ್ಟೇ ಸೊಗಸಾಗಿದ್ದರೂ ನನಗೆ ಅನುಮಾನ.

ವಿಧಿಯ ಓದು

ಇದು ಎಲ್ಲಕ್ಕಿಂತ ಹಳೆಯದು, ಸುಲಭದ್ದು. ಆರಂಭದ ಸುನೀತದಲ್ಲೇ, ಅಂದರೆ ಹದಿನಾಲ್ಕು ಸಾಲಿನ ಪದ್ಯದಲ್ಲೇ, ಮೇಳದವನು ಬಂದು ಈ ಪ್ರೇಮಿಗಳ ನಕ್ಷತ್ರವೇ ಸರಿಯಿಲ್ಲ, ಇವರ ಪ್ರೇಮಕ್ಕೆ ಸಾವಿನ ಗುರುತು ಬಿದ್ದಿದೆ ಎಂದು ಸಾರಿಬಿಡುತ್ತಾನೆ. ಕಥೆಯ ಕೊನೆ ಗೊತ್ತಾದ ಮೇಲೆ ನಾಟಕ ಶುರುವಾಗುತ್ತದೆ. ಜೂಲಿಯೆಟ್‌ಳ ಮನೆತನವಾದ ಕ್ಯಾಪ್ಯುಲೆಟ್ ಮನೆಯ ಔತಣಕ್ಕೆ ಹೊರಟ ರೋಮಿಯೋಗೆ ನಕ್ಷತ್ರಗಳಲ್ಲಿ ಏನೋ ತೂಗುತ್ತಿರುವಂತೆ ಅಳುಕು. ಬೆಳಗಿನ ಜಾವ ಕಿಟಕಿಯಿಂದ ಇಳಿದವನನ್ನು ಮೇಲಿನಿಂದ ನೋಡಿದ ಜೂಲಿಯೆಟ್‌ಗೆ ಅವನು ಗೋರಿಯ ತಳದಲ್ಲಿ ಮಲಗಿದ ಹೆಣದಂತೆ ಕಾಣುತ್ತಾನೆ. ಅವಳು ಸತ್ತಳೆಂಬ ಸುದ್ದಿ ಬಂದಾಗ ಅವನು ನಕ್ಷತ್ರಗಳಿಗೇ ಸವಾಲು ಹಾಕುತ್ತಾನೆ. ಹಣೆಬರಹ, ಜಾತಕ, ಋಣಾನುಬಂಧಗಳ ಮಾತು ಕೇಳುತ್ತ ಬೆಳೆದ ನಮ್ಮ ಪ್ರೇಕ್ಷಕರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ರಂಗದ ಮೇಲೆ ಈ ಓದು ಕೆಲಸ ಮಾಡುತ್ತದೆ. ಮೊದಲೇ ಗೊತ್ತಿರುವ ಕೊನೆ ಪ್ರತಿಯೊಂದು ನಗೆಮಾತಿನ ಕೆಳಗೂ ಒಂದು ಭಯವನ್ನು ಹರಿಸುತ್ತದೆ. ಪಠ್ಯವನ್ನು ಬಿಡಿಸಿ ನೋಡಿದರೆ ಮಾತ್ರ ಬಿರುಕು ಕಾಣುತ್ತದೆ. ವಿಧಿಯ ಹೆಸರು ಎತ್ತುವವರು ಯಾರು, ಯಾವಾಗ ಎಂದು ಗಮನಿಸಿ. ರೋಮಿಯೋ ತಾನು ಅದೃಷ್ಟದ ಕೈಗೊಂಬೆ ಎಂದು ಕೂಗುವುದು ಜೂಲಿಯೆಟ್‌ಳ ಸೋದರಬಂಧು ಟಿಬಾಲ್ಟ್‌ನನ್ನು ಕೈಯಾರೆ ಕೊಂದ ಮರುಗಳಿಗೆಯಲ್ಲಿ. ನಮ್ಮೆಲ್ಲರಿಗಿಂತ ದೊಡ್ಡ ಶಕ್ತಿಯೊಂದು ನಮ್ಮ ಯೋಜನೆಯನ್ನು ಕೆಡಿಸಿತು ಎಂದು, ಪ್ರೇಮಿಗಳಿಗೆ ಗುಟ್ಟಾಗಿ ಮದುವೆ ಮಾಡಿಸಿದ ಪಾದ್ರಿ ಲಾರೆನ್ಸ್ ಹೇಳುವುದು ಗೋರಿಯೊಳಗೆ, ಕಾವಲುಗಾರರ ಸದ್ದು ಕಿವಿಗೆ ಬಿದ್ದಾಗ. ಅಷ್ಟು ಹೇಳಿ, ಹೆಣಗಳ ನಡುವೆ ಹುಡುಗಿಯೊಬ್ಬಳನ್ನೇ ಬಿಟ್ಟು ಓಡಿಹೋಗುತ್ತಾನೆ. ಇವರಿಬ್ಬರಿಗೂ ವಿಧಿ ಅತ್ಯಂತ ಅಗತ್ಯವಾದದ್ದು ತಮ್ಮ ಕೈಯಿಂದ ಏನೋ ಆಗಿಹೋದ ಹೊತ್ತಿನಲ್ಲಿ. ಮೇಳದವನ ಮಾತು ಬೇರೆ, ಅವನಿಗೆ ಇಲ್ಲಿ ಸ್ವಾರ್ಥವಿಲ್ಲ ನಿಜ. ಆದರೆ ಶೇಕ್ಸ್‌ಪಿಯರ್‌ನ ನಾಟಕಗಳನ್ನು ಒಟ್ಟುಗೂಡಿಸಿದ 1623ರ ದೊಡ್ಡ ಸಂಪುಟದಲ್ಲಿ ಆ ಆರಂಭದ ಪದ್ಯವೇ ಇಲ್ಲ ಎಂಬುದು ನೆನಪಿರಲಿ. ಅದಿಲ್ಲದೆಯೂ ನಾಟಕ ನಿಲ್ಲುತ್ತದೆ.

ಮತ್ತೆ ನನ್ನ ಪರೀಕ್ಷೆ. ಅಪ್ಪ ಕೂಗಾಡುವ ದೃಶ್ಯದಲ್ಲಿ ಯಾವ ನಕ್ಷತ್ರವೂ ಇಲ್ಲ. ಇರುವವರು ಅಪ್ಪ, ಅಮ್ಮ, ದಾದಿ, ಮಗಳು.

ಆತುರದ ಓದು

ನಮ್ಮ ತರಗತಿಗಳಲ್ಲಿ ಹೆಚ್ಚು ಚಲಾವಣೆಯಲ್ಲಿರುವುದು ಇದು. ದುರಂತ ನಾಯಕನಲ್ಲಿ ಒಂದು ದೋಷವಿರಬೇಕು, ಆ ದೋಷದಿಂದ ಅವನು ಬೀಳಬೇಕು. ಇಲ್ಲಿನ ದೋಷ ದುಡುಕು. ಟಿಪ್ಪಣಿ ಪುಸ್ತಕಗಳಿಗೆ ಹೇಳಿ ಮಾಡಿಸಿದ ಸೂತ್ರ. ಇದರ ಹಿಂದೆ ಇಂಗ್ಲಿಷ್ ವಿಮರ್ಶಕ ಎ.ಸಿ. ಬ್ರಾಡ್ಲಿಯ ನೆರಳಿದೆ. 1904ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಉಪನ್ಯಾಸಗಳು ಹ್ಯಾಮ್ಲೆಟ್, ಒಥೆಲೋ, ಲಿಯರ್, ಮ್ಯಾಕ್‌ಬೆತ್ ಈ ನಾಲ್ಕನ್ನು ಕುರಿತವು. ರೋಮಿಯೋ ಅವುಗಳಲ್ಲಿ ಇಲ್ಲ. ಅಳತೆ ತೆಗೆದದ್ದು ಒಬ್ಬರದು, ಅಂಗಿ ತೊಡಿಸಿದ್ದು ಇನ್ನೊಬ್ಬರಿಗೆ.

ಆದರೂ ಪಠ್ಯದಲ್ಲಿ ಆಧಾರವಿಲ್ಲ ಎನ್ನಲಾಗದು. ಈ ಒಪ್ಪಂದ ತೀರ ದುಡುಕಿನದು, ಮಿಂಚಿನಂತೆ ಹೊಳೆದು ಆರಿಹೋಗುವಂಥದು ಎಂದು ಜೂಲಿಯೆಟ್ ತಾನೇ ಹೇಳುತ್ತಾಳೆ. ನಿಧಾನ, ಓಡುವವರು ಎಡವುತ್ತಾರೆ ಎಂದು ಪಾದ್ರಿ ಬುದ್ಧಿ ಹೇಳುತ್ತಾನೆ. ಉಗ್ರ ಸುಖಕ್ಕೆ ಉಗ್ರ ಅಂತ್ಯ ಎಂದೂ ಎಚ್ಚರಿಸುತ್ತಾನೆ. ಕಾಲವನ್ನು ನಾಲ್ಕೈದು ದಿನಗಳಿಗೆ ಇಳಿಸಿದ್ದಕ್ಕೆ ಈ ಓದಿನಲ್ಲಿ ನೇರ ಉತ್ತರವಿದೆ. ಭಾನುವಾರ ಬೀದಿಜಗಳ, ಅಂದೇ ರಾತ್ರಿ ಭೇಟಿ. ಸೋಮವಾರ ಮದುವೆ, ಎರಡು ಕೊಲೆ, ಗಡಿಪಾರು. ಮಂಗಳವಾರ ಬೆಳಗಿನ ಜಾವ ಅಗಲಿಕೆ, ರಾತ್ರಿ ಜೂಲಿಯೆಟ್‌ಳನ್ನು ಸತ್ತಂತೆ ಮಲಗಿಸುವ ಪಾದ್ರಿಯ ಔಷಧ. ಮುಗಿಯುವುದು ಗುರುವಾರವೋ ಶುಕ್ರವಾರವೋ ಎಂಬುದನ್ನು ವಿದ್ವಾಂಸರು ಇನ್ನೂ ಎಣಿಸುತ್ತಿದ್ದಾರೆ, ಏಕೆಂದರೆ ಪಾದ್ರಿ ಹೇಳುವ 42 ಗಂಟೆಗಳ ನಿದ್ದೆ ಯಾವ ಲೆಕ್ಕಕ್ಕೂ ಅಚ್ಚುಕಟ್ಟಾಗಿ ಕೂರುವುದಿಲ್ಲ.

ಇದರ ತೊಂದರೆ ಬೇರೆಡೆ ಇದೆ. ಇಲ್ಲಿ ದುಡುಕದವರು ಯಾರು? ನಿಧಾನ ಬೋಧಿಸಿದ ಪಾದ್ರಿಯೇ ಆ ದಿನವೇ ಗುಟ್ಟಾಗಿ ಮದುವೆ ಮಾಡಿಸುತ್ತಾನೆ, ಬೇಗ ಮುಗಿಸಿಬಿಡೋಣ ಬನ್ನಿ ಎನ್ನುತ್ತ. ಟಿಬಾಲ್ಟ್‌ಗೆ ಅರೆಗಳಿಗೆಯ ಸಹನೆಯಿಲ್ಲ, ರೋಮಿಯೋನ ಗೆಳೆಯ ಮರ್ಕ್ಯೂಷಿಯೋಗೂ ಇಲ್ಲ. ಮೊದಲ ಅಂಕದಲ್ಲಿ ಇನ್ನೆರಡು ಬೇಸಿಗೆ ಕಳೆಯಲಿ ಎಂದಿದ್ದ ಕ್ಯಾಪ್ಯುಲೆಟ್, ಮೂರನೆಯ ಅಂಕದಲ್ಲಿ ಮೂರು ದಿನದೊಳಗೆ ಮದುವೆ ಗೊತ್ತುಮಾಡುತ್ತಾನೆ. ಆತುರ ಈ ಊರಿನ ಗಾಳಿಯಲ್ಲೇ ಇದೆ, ಹಿರಿಯರಲ್ಲಿ ಅದು ಒಂದು ಹಿಡಿ ಹೆಚ್ಚು. ಹಾಗಿರುವಾಗ ಅದನ್ನು ಹದಿಹರೆಯದವರ ದೋಷವೆಂದು ಕರೆಯುವುದು ಸಾಕ್ಷ್ಯವನ್ನು ಅರ್ಧ ಓದಿದಂತೆ. ಬ್ರೂಕ್ ತನ್ನ ಮುನ್ನುಡಿಯಲ್ಲಿ ಅದನ್ನೇ ಮಾಡಿದ್ದ: ತಂದೆತಾಯಿಗಳ ಮಾತು ಮೀರಿದ, ಕಾಮಕ್ಕೆ ಬಿದ್ದ ಪ್ರೇಮಿಗಳಿಗೆ ಆದ ಗತಿ ನೋಡಿ ಕಲಿಯಿರಿ ಎಂದು. ತಮಾಷೆಯೆಂದರೆ ಅವನ ಕವನ ಮುನ್ನುಡಿಯ ಮಾತು ಕೇಳುವುದಿಲ್ಲ. ಅದು ಪ್ರೇಮಿಗಳ ಕಡೆಗೇ ವಾಲುತ್ತದೆ. ಶೇಕ್ಸ್‌ಪಿಯರ್ ಆ ಉಪದೇಶವನ್ನು ಎತ್ತಿಕೊಳ್ಳಲೇ ಇಲ್ಲ. ಅವನು ಬಿಟ್ಟದ್ದನ್ನು ನಮ್ಮ ಕೆಲವು ಪ್ರಶ್ನೋತ್ತರ ಮಾಲೆಗಳು ಹೆಕ್ಕಿಕೊಂಡಿವೆ.

ಪ್ರೌಢಶಾಲೆ, ಪದವಿಪೂರ್ವ ತರಗತಿಗಳಲ್ಲಿ ಪಾಠ ಮಾಡುವವರಿಗೆ ಈ ಓದು ಬಲು ಆಕರ್ಷಕ. ಹಿರಿಯರ ಮಾತು ಕೇಳಿ ಎಂದು ಮುಗಿಸಬಹುದು. ಮುಗಿಸಿದರೆ ಮಕ್ಕಳು ನಿಮ್ಮ ಮಾತನ್ನೂ ಕೇಳುವುದಿಲ್ಲ, ನಾಟಕವನ್ನೂ ನಂಬುವುದಿಲ್ಲ.

ಆಕಸ್ಮಿಕದ ಓದು

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜೂಲಿಯೆಟ್ ಸತ್ತಿಲ್ಲ, ಔಷಧದ ನಿದ್ದೆಯಲ್ಲಿದ್ದಾಳೆ ಎಂದು ತಿಳಿಸುವ ಲಾರೆನ್ಸ್‌ನ ಕಾಗದ ಹಿಡಿದು ಪಾದ್ರಿ ಜಾನ್, ಗಡಿಪಾರಾದ ರೋಮಿಯೋ ಇರುವ ಮಾಂಟುವಾಗೆ ಹೊರಡುತ್ತಾನೆ. ಜೊತೆಗೆ ಕರೆದೊಯ್ಯಲು ರೋಗಿಗಳ ಸೇವೆಯಲ್ಲಿದ್ದ ಇನ್ನೊಬ್ಬ ಸನ್ಯಾಸಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಆ ಮನೆಯಲ್ಲಿ ಪ್ಲೇಗ್ ಇರಬಹುದೆಂಬ ಶಂಕೆಯಿಂದ ಊರಿನ ತಪಾಸಣೆಗಾರರು ಇಬ್ಬರನ್ನೂ ಒಳಗಿಟ್ಟು ಬಾಗಿಲಿಗೆ ಮುದ್ರೆ ಒತ್ತುತ್ತಾರೆ. ಕಾಗದ ಅಲ್ಲೇ ಉಳಿಯುತ್ತದೆ. ರೋಮಿಯೋ ವಿಷ ಕುಡಿದ ಕೆಲವೇ ಕ್ಷಣಗಳಲ್ಲಿ ಜೂಲಿಯೆಟ್ ಕಣ್ಣು ಬಿಡುತ್ತಾಳೆ. 1592ರಿಂದ 1594ರವರೆಗೆ ಬಹುಪಾಲು ದಿನ ಪ್ಲೇಗ್‌ನಿಂದಾಗಿ ಲಂಡನ್ನಿನ ರಂಗಮಂದಿರಗಳು ಮುಚ್ಚಿದ್ದವು. ಮುದ್ರೆ ಒತ್ತಿದ ಬಾಗಿಲು ಏನೆಂದು ಆ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊರೋನಾ ಕಾಲದಲ್ಲಿ ಪಟ್ಟಿ ಕಟ್ಟಿದ ಮನೆಗಳನ್ನು ಕಂಡ ನಮಗೂ ಬೇಕಿಲ್ಲ.

ಇಷ್ಟನ್ನೇ ಹಿಡಿದರೆ ಉಳಿಯುವುದು ದುರದೃಷ್ಟದ ಕಥೆ. ಒಂದು ಹೆಜ್ಜೆ ಹಿಂದೆ ಹೋಗಿ ಕೇಳಬೇಕು: ಅಷ್ಟು ದೊಡ್ಡ ವಿಷಯ ಒಬ್ಬ ಸನ್ಯಾಸಿಯ ಜೋಳಿಗೆಯಲ್ಲಿ ಗುಟ್ಟಾಗಿ ಏಕೆ ಹೋಗಬೇಕಿತ್ತು? ಮದುವೆಯೇ ಗುಟ್ಟಾಗಿತ್ತು. ಅದು ಗುಟ್ಟಾಗಿದ್ದುದಕ್ಕೆ ಕಾರಣ ಹಗೆ.

ಹಗೆಯ ಓದು, ಅಪ್ಪನ ಮನೆಯ ಓದು

ನನ್ನ ಒಲವು ಇದರ ಕಡೆಗೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಗೆಗೆ ಕಾರಣವೇನೆಂದು ನಾಟಕದಲ್ಲಿ ಎಲ್ಲಿಯೂ ಹೇಳಿಲ್ಲ. ಹಳೆಯದು ಎಂಬುದಷ್ಟೇ ಗೊತ್ತು. ಅದನ್ನು ನಾವು ಮೊದಲು ನೋಡುವುದು ಯಜಮಾನರಲ್ಲಿ ಅಲ್ಲ, ಕ್ಯಾಪ್ಯುಲೆಟ್ ಮನೆಯ ಇಬ್ಬರು ಆಳುಗಳಲ್ಲಿ. ಸ್ಯಾಮ್ಸನ್, ಗ್ರೆಗರಿ ಬೀದಿಯಲ್ಲಿ ಪೋಲಿ ಮಾತಾಡುತ್ತ ಬರುತ್ತಾರೆ. ರೋಮಿಯೋನ ಮನೆತನವಾದ ಮಾಂಟೆಗ್ಯೂ ಮನೆಯ ಗಂಡಸರನ್ನು ಹೊಡೆಯುತ್ತೇನೆ, ಹೆಣ್ಣುಮಕ್ಕಳನ್ನು ಗೋಡೆಗೆ ಒತ್ತುತ್ತೇನೆ ಎಂಬುದು ಆ ಮಾತಿನ ಸಾರ. ಕತ್ತಿಗೂ ಕಾಮಕ್ಕೂ ಒಂದೇ ಪದಗಳು. ಈ ಊರಿನಲ್ಲಿ ಗಂಡಸು ಎನಿಸಿಕೊಳ್ಳುವುದೆಂದರೆ ಏನೆಂದು ನಾಟಕ ಮೊದಲ ಪುಟದಲ್ಲೇ ತೋರಿಸಿಕೊಡುತ್ತದೆ. ಪ್ರದರ್ಶನಗಳಲ್ಲಿ ಈ ಭಾಗಕ್ಕೇ ಮೊದಲು ಕತ್ತರಿ ಬೀಳುತ್ತದೆ, ಅಶ್ಲೀಲವೆಂದು. ಅದು ಬಿದ್ದರೆ ಮೂರನೆಯ ಅಂಕದಲ್ಲಿ ರೋಮಿಯೋ, ಜೂಲಿಯೆಟ್‌ಳ ಚೆಲುವು ನನ್ನನ್ನು ಹೆಣ್ಣಿಗನನ್ನಾಗಿ ಮಾಡಿತು ಎಂದು ನಾಚಿಕೆಪಟ್ಟು ಕತ್ತಿ ಎತ್ತುವುದಕ್ಕೆ ಬುಡವೇ ಇರುವುದಿಲ್ಲ. 1970ರ ದಶಕದಲ್ಲಿ ಸ್ತ್ರೀವಾದಿ ವಿಮರ್ಶಕಿ ಕೊಪೀಲಿಯಾ ಕಾನ್ ಈ ಎಳೆಯನ್ನು ಹಿಡಿದು, ನಾಟಕ ನಡೆಯುವ ವೆರೋನಾದಲ್ಲಿ ಹಗೆಯೇ ಹುಡುಗರನ್ನು ಗಂಡಸರನ್ನಾಗಿ ಮಾಡುವ ಸಂಸ್ಕಾರವಾಗಿತ್ತು ಎಂದು ತೋರಿಸಿದರು. ಅಲ್ಲಿಂದಾಚೆಗೆ ಹಗೆಯನ್ನು ಬರೀ ಹಿನ್ನೆಲೆಯೆಂದು ಬದಿಗೆ ಸರಿಸುವುದು ಕಷ್ಟವಾಗಿದೆ.

ಈಗ ಆ ದೃಶ್ಯಕ್ಕೆ ಬರೋಣ. ರೋಮಿಯೋ ಕಿಟಕಿಯಿಂದ ಇಳಿದು ಹೋಗಿದ್ದಾನಷ್ಟೆ. ಅಮ್ಮ ಒಳಗೆ ಬಂದು, ಗುರುವಾರ ಬೆಳಿಗ್ಗೆ ಸಂತ ಪೀಟರನ ಚರ್ಚಿನಲ್ಲಿ ಪ್ಯಾರಿಸ್ ಜೊತೆ ನಿನ್ನ ಮದುವೆ ಎಂದು ಸಿಹಿಸುದ್ದಿ ಕೊಡುತ್ತಾಳೆ. ಮಗಳು ಒಲ್ಲೆ ಎನ್ನುತ್ತಾಳೆ. ಅಪ್ಪ ಬರುತ್ತಾನೆ. ಮೊದಲ ಅಂಕದಲ್ಲಿ ಇದೇ ಅಪ್ಪ ಪ್ಯಾರಿಸ್‌ಗೆ, ಅವಳ ಮನಸ್ಸು ಗೆಲ್ಲು, ಅವಳ ಒಪ್ಪಿಗೆಯಲ್ಲಿ ನನ್ನ ಇಚ್ಛೆ ಒಂದು ಭಾಗವಷ್ಟೆ ಎಂದಿದ್ದ. ತೀರ ಎಳೆಯ ವಯಸ್ಸಿನಲ್ಲಿ ತಾಯಿಯಾದವರು ಬೇಗ ಬಾಡುತ್ತಾರೆ ಎಂದಿದ್ದವನೂ ಅವನೇ. ಉಳಿದ ಮಕ್ಕಳನ್ನೆಲ್ಲ ಮಣ್ಣಿಗಿಟ್ಟು ಇವಳೊಬ್ಬಳನ್ನು ಉಳಿಸಿಕೊಂಡವನು. ಈಗ ಅವನ ಬಾಯಿಂದ ಬರುವುದು ಬೇರೆ: ಧನ್ಯವಾದವೂ ಬೇಡ, ಬಿಗುಮಾನವೂ ಬೇಡ, ಗುರುವಾರಕ್ಕೆ ಮೈಕೈ ಸಜ್ಜು ಮಾಡಿಕೋ, ಇಲ್ಲದಿದ್ದರೆ ಅಪರಾಧಿಗಳನ್ನು ಎಳೆಯುವ ಚೌಕಟ್ಟಿಗೆ ಕಟ್ಟಿ ಎಳೆದೊಯ್ಯುತ್ತೇನೆ. ರಕ್ತವಿಲ್ಲದ ಹೆಣವೇ, ಮೇಣದ ಮುಖದವಳೇ. ನನ್ನ ಬೆರಳು ತುರಿಸುತ್ತಿವೆ. ಒಪ್ಪದಿದ್ದರೆ ನೇಣು ಹಾಕಿಕೋ, ಭಿಕ್ಷೆ ಬೇಡು, ಹಸಿದು ಬೀದಿಯಲ್ಲಿ ಸಾಯಿ.

ಅಪ್ಪ ಹೊರಟ ಮೇಲೆ ಮಗಳು ಅಮ್ಮನ ಕಡೆ ತಿರುಗುತ್ತಾಳೆ. ನನ್ನೊಡನೆ ಮಾತಾಡಬೇಡ, ನಿನಗೆ ತೋಚಿದ್ದು ಮಾಡಿಕೋ, ನಿನ್ನ ಸಹವಾಸ ಸಾಕು ಎಂದು ಅಮ್ಮನೂ ಹೋಗುತ್ತಾಳೆ. ಉಳಿದವಳು ದಾದಿ. ಹಾಲೂಡಿಸಿದವಳು, ತನ್ನ ಸ್ವಂತ ಮಗಳು ಸೂಸನ್ ಸತ್ತ ಮೇಲೆ ಇವಳನ್ನೇ ಎದೆಗೆ ಹಚ್ಚಿಕೊಂಡವಳು, ಗುಟ್ಟಿನ ಮದುವೆಗೆ ಓಡಾಡಿದವಳು. ಅವಳು ಹೇಳುವುದೇನು? ಪ್ಯಾರಿಸ್‌ನನ್ನೇ ಮಾಡಿಕೋ, ಅವನ ಮುಂದೆ ರೋಮಿಯೋ ಒರಸುವ ಬಟ್ಟೆ. ನೀನು ನನಗೆ ಬಹಳ ಸಮಾಧಾನ ಕೊಟ್ಟೆ ಎಂದು ಜೂಲಿಯೆಟ್ ತಣ್ಣಗೆ ಉತ್ತರಿಸುತ್ತಾಳೆ. ದಾದಿ ಮರೆಯಾದ ಮೇಲೆ ಅವಳಿಂದ ಬರುವ ಮಾತು, ಬೇರೆ ಎಲ್ಲ ಕೈಕೊಟ್ಟರೂ ಸಾಯುವ ಶಕ್ತಿ ನನ್ನಲ್ಲಿದೆ ಎಂಬುದು. ಒಂದೇ ದೃಶ್ಯದಲ್ಲಿ ಮೂರು ಬಾಗಿಲು ಮುಚ್ಚುತ್ತವೆ, ಹದಿಮೂರು ವರ್ಷದ ಹುಡುಗಿ ಒಬ್ಬಳೇ ನಿಲ್ಲುತ್ತಾಳೆ. ಅವಳ ವಯಸ್ಸನ್ನು ಇಳಿಸಿದ್ದು ಏಕೆಂದು ನನಗೆ ಅರ್ಥವಾಗುವುದು ಇಲ್ಲಿ. ಆ ಕಾಲದಲ್ಲಿ ಇದೆಲ್ಲ ಮಾಮೂಲು ಎಂದು ತಳ್ಳಿಹಾಕುವಂತಿಲ್ಲ. ಆಗಿನ ಇಂಗ್ಲೆಂಡಿನಲ್ಲಿ ಸಾಮಾನ್ಯ ಮನೆಗಳ ಹೆಣ್ಣುಮಕ್ಕಳು ಮದುವೆಯಾಗುತ್ತಿದ್ದುದು ಇಪ್ಪತ್ತರ ಮಧ್ಯದಲ್ಲಿ. ಲಂಡನ್ನಿನ ಪ್ರೇಕ್ಷಕರಿಗೂ ಅವಳು ಮಗುವೇ.

ಮುಂದೆ ಇನ್ನೂ ಕ್ರೂರವಾದ ಒಂದು ತಿರುವು ಬರುತ್ತದೆ, ಓದುವಾಗ ಅದು ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ಪಾದ್ರಿಯ ಉಪಾಯದಂತೆ ಜೂಲಿಯೆಟ್ ಮನೆಗೆ ಬಂದು ಅಪ್ಪನ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತಾಳೆ. ಅಪ್ಪನಿಗೆ ಹಿಡಿಸಲಾರದ ಸಂತೋಷ. ಹಾಗಾದರೆ ನಾಳೆಯೇ ಆಗಿಬಿಡಲಿ ಎಂದು ಮದುವೆಯನ್ನು ಗುರುವಾರದಿಂದ ಬುಧವಾರಕ್ಕೆ ಎಳೆಯುತ್ತಾನೆ. ಔಷಧವನ್ನು ಒಂದು ರಾತ್ರಿ ಮೊದಲೇ ಕುಡಿಯಬೇಕಾಗುತ್ತದೆ, ಕಾಗದಕ್ಕೆ ಉಳಿದಿದ್ದ ಒಂದು ದಿನ ಕಳೆದುಹೋಗುತ್ತದೆ. ಅವಿಧೇಯತೆಯಿಂದ ಸತ್ತಳು ಎನ್ನುವವರು ಇದನ್ನು ಹೇಗೆ ನುಂಗಿಕೊಳ್ಳುತ್ತಾರೋ ತಿಳಿಯದು. ಗಡುವು ಮುರಿದದ್ದು ಅವಳ ವಿಧೇಯತೆ, ಅದು ನಟನೆಯದಾದರೂ.

ಈ ಓದಿಗೂ ಮಿತಿಯಿದೆ. ಹಗೆಯನ್ನೇ ಎಲ್ಲಕ್ಕೂ ಕಾರಣ ಮಾಡಿದರೆ ರೋಮಿಯೋ ತೆಳ್ಳಗಾಗುತ್ತಾನೆ, ಕವಿತೆ ಅಲಂಕಾರವಾಗುತ್ತದೆ. ಅಪ್ಪನನ್ನು ರಾಕ್ಷಸನನ್ನಾಗಿ ಮಾಡುವ ಚಪಲವೂ ಬರುತ್ತದೆ. ಕ್ಯಾಪ್ಯುಲೆಟ್ ರಾಕ್ಷಸನಲ್ಲ. ತನ್ನ ಮನೆಯ ಔತಣಕ್ಕೆ ಕರೆಯದೆ ಬಂದ ರೋಮಿಯೋ ಸಭ್ಯ ಹುಡುಗನೆಂದು ಹೊಗಳಿ, ಟಿಬಾಲ್ಟ್‌ನನ್ನು ತಡೆದವನು ಅವನು. ಆ ಒಳ್ಳೆಯತನ ಕಾಣದಿದ್ದರೆ ಮೂರನೆಯ ಅಂಕದ ಆರ್ಭಟ ಬರೀ ಕಿರುಚಾಟವಾಗುತ್ತದೆ.

ಮುರಿದುಬಿದ್ದ ವಿನೋದ ನಾಟಕ

ನಿರ್ದೇಶಕರಿಗೆ ನಾನು ಮೊದಲು ಸೂಚಿಸುವುದು ಇದನ್ನು. ಮೊದಲ ಎರಡು ಅಂಕಗಳಲ್ಲಿ ಇರುವುದೆಲ್ಲ ವಿನೋದ ನಾಟಕದ ಸಾಮಗ್ರಿ: ಮುಖವಾಡದ ಕುಣಿತ, ಬಾಯಿಬಡುಕಿ ದಾದಿ, ಅಡ್ಡ ನಿಲ್ಲುವ ಅಪ್ಪ, ಉಪಾಯ ಹೂಡುವ ಪಾದ್ರಿ, ರೋಸಲಿನ್ ಎಂಬ ಕಾಣದ ಹುಡುಗಿಗಾಗಿ ನಿಟ್ಟುಸಿರುಬಿಟ್ಟು ಅಂದೇ ರಾತ್ರಿ ಇನ್ನೊಬ್ಬಳ ಹಿಂದೆ ಬಿದ್ದ ಹುಡುಗ. ಮೂರನೆಯ ಅಂಕದ ಮೊದಲ ದೃಶ್ಯದಲ್ಲಿ ಮರ್ಕ್ಯೂಷಿಯೋ ಸಾಯುತ್ತಾನೆ, ಸಾಯುವಾಗಲೂ ನಾಳೆ ನನ್ನನ್ನು ಕೇಳಿಕೊಂಡು ಬನ್ನಿ, ಗಂಭೀರ ಮನುಷ್ಯನಾಗಿ ಗೋರಿಯಲ್ಲಿರುತ್ತೇನೆ ಎಂದು ಶ್ಲೇಷೆಯಾಡುತ್ತ. ಅವನೊಂದಿಗೆ ಆ ನಾಟಕವೂ ಸಾಯುತ್ತದೆ. ವಿಮರ್ಶಕಿ ಸೂಸನ್ ಸ್ನೈಡರ್ 1970ರಲ್ಲಿ ಇದನ್ನು ವಿವರವಾಗಿ ಮಂಡಿಸಿದರು. ಶೇಕ್ಸ್‌ಪಿಯರ್ ಹೆಚ್ಚುಕಡಿಮೆ ಇದೇ ವರ್ಷಗಳಲ್ಲಿ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕದಲ್ಲಿ ಪಿರಮಸ್–ಥಿಸ್ಬಿ ಎಂಬ ಇಂಥದೇ ಪ್ರೇಮದುರಂತವನ್ನು ನೇಕಾರ, ಬಡಗಿಗಳ ಕೈಯಲ್ಲಿ ನಗೆಪಾಟಲು ಮಾಡಿ ಬರೆದ ಎಂಬುದು ಈ ಓದಿಗೆ ಬಲ ಕೊಡುತ್ತದೆ.

ರಂಗದಲ್ಲಿ ಇದರ ಲಾಭ ಏನೆಂದರೆ ಪ್ರೇಕ್ಷಕರು ಮೊದಲ ಒಂದು ಗಂಟೆ ಮನಸಾರೆ ನಗಬಹುದು. ನಗದೆ ಇದ್ದವರಿಗೆ ಎರಡನೆಯ ಭಾಗ ತಟ್ಟುವುದಿಲ್ಲ. ಷರತ್ತು ಒಂದೇ, ರೋಸಲಿನ್‌ಳನ್ನು ಕಿತ್ತುಹಾಕಬಾರದು. 18ನೆಯ ಶತಮಾನದ ಮಧ್ಯದಲ್ಲಿ ಇಂಗ್ಲಿಷ್ ನಟ ಡೇವಿಡ್ ಗ್ಯಾರಿಕ್ ಈ ನಾಟಕವನ್ನು ತಿದ್ದಿ ಆಡಿಸಿದಾಗಿನ ಧೋರಣೆ ಇದಕ್ಕೆ ವಿರುದ್ಧವಾಗಿತ್ತು. ನಾಯಕನಿಗೆ ಚಂಚಲನೆಂಬ ಕಳಂಕ ಬರಬಾರದೆಂದು ಅವನ ಆವೃತ್ತಿಯಿಂದ ರೋಸಲಿನ್ ಮಾಯವಾದಳು, ಗೋರಿಯಲ್ಲಿ ರೋಮಿಯೋ ಸಾಯುವ ಮುನ್ನ ಜೂಲಿಯೆಟ್ ಎಚ್ಚೆತ್ತು ಇಬ್ಬರೂ ಮಾತಾಡುವ ಹೊಸ ಸಂಭಾಷಣೆ ಸೇರಿತು. ಅದು ದಶಕಗಳ ಕಾಲ ಜನರನ್ನು ಅಳಿಸಿತು. 1845ರಲ್ಲಿ ಷಾರ್ಲಟ್ ಕುಷ್ಮನ್ ಎಂಬ ಅಮೆರಿಕದ ನಟಿ ಲಂಡನ್ನಿನಲ್ಲಿ ತಾನೇ ರೋಮಿಯೋ ಆಗಿ, ತಂಗಿಯನ್ನು ಜೂಲಿಯೆಟ್ ಮಾಡಿ ಆಡಿದಾಗ ಗ್ಯಾರಿಕ್‌ನ ಪಾಠವನ್ನು ಬಿಟ್ಟು ಶೇಕ್ಸ್‌ಪಿಯರ್‌ನ ಪಾಠಕ್ಕೆ ಮರಳಿದಳು.

ಪ್ರೇಮಕಾವ್ಯದ ಓದು

ಒಪೆರಾ, ಬ್ಯಾಲೆ, ಸಿನಿಮಾ ಹಾಡುಗಳು ಹೆಚ್ಚಾಗಿ ಹಿಡಿದದ್ದು ಈ ದಾರಿಯನ್ನು: ಲೋಕ ಕೆಟ್ಟದ್ದು, ಪ್ರೇಮ ಮಾತ್ರ ಶುದ್ಧ, ಸಾವು ಅದರ ಪೂರ್ಣತೆ. ಹೀಗೆ ಹೇಳಿದರೆ ನನಗೆ ಮುಜುಗರ. ಹದಿಹರೆಯದವರ ಆತ್ಮಹತ್ಯೆಯನ್ನು ಸಿಂಗರಿಸಿ ತೋರಿಸುವುದು ಈಗಿನ ಕಾಲದಲ್ಲಂತೂ ಬೇಡ. ಆದರೆ ಭಾಷೆಯ ಬಗ್ಗೆ ಈ ಓದು ಹೇಳುವುದು ಸುಳ್ಳಲ್ಲ. ಮೊದಲ ಭೇಟಿಯಲ್ಲಿ ಇಬ್ಬರೂ ಆಡುವ ಹದಿನಾಲ್ಕು ಸಾಲು ಸೇರಿ ಒಂದು ಪೂರ್ಣ ಸುನೀತವಾಗುತ್ತದೆ. ಅವನು ನಾಲ್ಕು ಸಾಲು ಎತ್ತಿಕೊಂಡರೆ ಅವಳು ನಾಲ್ಕು ಸಾಲಿನಲ್ಲಿ ಜಾಣತನದಿಂದ ತಡೆಯುತ್ತಾಳೆ, ಉಳಿದ ಆರನ್ನು ಹಂಚಿಕೊಳ್ಳುತ್ತಾರೆ, ಮುಗಿದಾಗ ಮುತ್ತು. ನೀನು ಪುಸ್ತಕ ಓದಿ ಮುತ್ತಿಡುತ್ತೀಯ ಎಂದು ಅವಳು ಕೆಣಕುತ್ತಾಳೆ. ತೋಟದ ದೃಶ್ಯದಲ್ಲಿ ಅವನು ಚಂದ್ರನ ಮೇಲೆ ಆಣೆ ಹಾಕಲು ಹೊರಟರೆ, ತಿಂಗಳಿಗೊಮ್ಮೆ ಬದಲಾಗುವವನ ಮೇಲೆ ಬೇಡ ಎನ್ನುವವಳೂ ಅವಳೇ. ಮದುವೆಯ ಮಾತು ಎತ್ತುವವಳು, ನಾಳೆ ಎಷ್ಟು ಗಂಟೆಗೆ ಆಳು ಕಳಿಸಲಿ ಎಂದು ಕೇಳಿ ಒಂಬತ್ತು ಎಂದು ಗೊತ್ತುಮಾಡಿಕೊಳ್ಳುವವಳು ಜೂಲಿಯೆಟ್. ಈ ಓದನ್ನು ಆರಿಸುವುದಾದರೆ ಅವಳನ್ನು ಮೇಲಕ್ಕೆ ನೋಡಿ ನಿಟ್ಟುಸಿರಿಡುವ ಗೊಂಬೆ ಮಾಡಬೇಡಿ.

ಅಂದಹಾಗೆ ಬಾಲ್ಕನಿ ಎಂಬ ಪದ ನಾಟಕದಲ್ಲಿ ಎಲ್ಲಿಯೂ ಇಲ್ಲ. ಇರುವುದು ಕಿಟಕಿ. ವೆರೋನಾದಲ್ಲಿ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಜೂಲಿಯೆಟ್ ಮನೆಯ ಬಾಲ್ಕನಿಯನ್ನು ಸೇರಿಸಿದ್ದು 20ನೆಯ ಶತಮಾನದಲ್ಲಿ.

ನಮ್ಮ ನೆಲಕ್ಕೆ ತರುವವರಿಗೆ

ಕನ್ನಡದಲ್ಲಿ ಈ ಕಥೆ 19ನೆಯ ಶತಮಾನದಲ್ಲೇ ರಾಮವರ್ಮ–ಲೀಲಾವತಿಯರದಾಗಿ ಬಂತು. ಆಗ ನಾಯಕ ನಾಯಕಿಯರನ್ನು ಸಾಯಿಸಿ ತೆರೆ ಎಳೆಯುವುದು ನಮ್ಮ ರಂಗಕ್ಕೆ ರೂಢಿಯಿರಲಿಲ್ಲ, ಕೊನೆ ಸುಖಾಂತವಾಯಿತು. ಇದಕ್ಕೆ ನಗುವವರು ಇಂಗ್ಲೆಂಡಿನ ಕಡೆಯೂ ನೋಡಲಿ. 17ನೆಯ ಶತಮಾನದಲ್ಲಿ ಜೇಮ್ಸ್ ಹೊವರ್ಡ್ ಎಂಬಾತ ಪ್ರೇಮಿಗಳು ಬದುಕಿ ಉಳಿಯುವ ಆವೃತ್ತಿ ಮಾಡಿದ್ದ. ಒಂದು ದಿನ ದುರಂತ, ಮರುದಿನ ಸುಖಾಂತ ಎಂದು ಸರದಿಯಲ್ಲಿ ಆಡಿದರಂತೆ. ರಷ್ಯಾದ ಸಂಗೀತಕಾರ ಪ್ರೊಕೊಫೀವ್ ತನ್ನ ಬ್ಯಾಲೆಗೆ 1935ರಲ್ಲಿ ಮೊದಲು ಬರೆದದ್ದೂ ಸುಖದ ಕೊನೆಯನ್ನೇ.

ಇಂದು ನಮ್ಮಲ್ಲಿ ಯಾರಿಗಾದರೂ ತಕ್ಷಣ ಹೊಳೆಯುವುದು ಜಾತಿ ಅಥವಾ ಮತದ ರೂಪಾಂತರ. ಮರ್ಯಾದೆಗೇಡು ಹತ್ಯೆಗಳ ಸುದ್ದಿ ಓದುತ್ತಿರುವ ಪ್ರೇಕ್ಷಕರಿಗೆ ಅದು ನೇರವಾಗಿ ನಾಟುತ್ತದೆ. ಒಂದು ಎಚ್ಚರ ಮಾತ್ರ ಬೇಕು. ನಾಟಕದ ಮೊದಲ ಸಾಲೇ ಎರಡೂ ಮನೆತನಗಳು ಘನತೆಯಲ್ಲಿ ಸಮಾನ ಎನ್ನುತ್ತದೆ. ವೆರೋನಾದ ಹಗೆಯಲ್ಲಿ ಮೇಲುಕೀಳು ಇಲ್ಲ. ಮೇಲ್ಜಾತಿಯ ಮನೆಯೊಂದು, ದಲಿತ ಮನೆಯೊಂದು ಎಂದು ಮಾಡಿದರೆ ಹಿಂಸೆ ಎರಡೂ ಕಡೆಯಿಂದ ಸಮವಾಗಿ ಬರುವುದಿಲ್ಲ. ರಾಜ ಎರಡೂ ಮನೆಯವರನ್ನು ಒಂದೇ ತಕ್ಕಡಿಯಲ್ಲಿ ಗದರಿಸುವುದು ಅನ್ಯಾಯವಾಗಿ ಕೇಳಿಸುತ್ತದೆ. ಕೊನೆಯಲ್ಲಿ ಅಪ್ಪಂದಿರು ಕೈ ಹಿಡಿಯುವುದು ಸುಳ್ಳಾಗುತ್ತದೆ. ಆ ಕಥೆ ಹೇಳಲೇಬೇಕಾದದ್ದು, ಆದರೆ ಅದಕ್ಕೆ ಕೊನೆಯ ಅಂಕವನ್ನು ಹೊಸದಾಗಿ ಬರೆಯಬೇಕು. ಮೂಲಕ್ಕೆ ಹತ್ತಿರ ಇರಬೇಕೆಂದರೆ ಒಂದೇ ಊರಿನ, ಒಂದೇ ಅಂತಸ್ತಿನ ಎರಡು ಜಮೀನ್ದಾರಿ ಮನೆಗಳು ಸಾಕು. ಹಗೆಗೆ ಕಾರಣ ಹೇಳದೆ ಬಿಡಿ.

ಯಾರಿಗೆ ಯಾವುದು

ಪದವಿ ಪರೀಕ್ಷೆಗೆ ಬರೆಯುವವರು ಹಗೆಯ ಓದನ್ನು ಬೆನ್ನೆಲುಬಾಗಿ ಇಟ್ಟುಕೊಂಡು ವಿಧಿಯ ಓದನ್ನು ಎದುರುಪಕ್ಷವಾಗಿ ತಂದರೆ ಉತ್ತರಕ್ಕೆ ಜೀವ ಬರುತ್ತದೆ. ವಿಧಿ ಎಂಬ ಮಾತು ಯಾರ ಬಾಯಲ್ಲಿ, ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದೊಂದೇ ಎರಡು ಪುಟಕ್ಕೆ ಸಾಕಾಗುವ ವಾದ. ಎರಡು ಗಂಟೆಯ ಪ್ರದರ್ಶನ ಮಾಡುವ ಹವ್ಯಾಸಿ ತಂಡಗಳಿಗೆ ಮುರಿದ ವಿನೋದದ ಓದು, ಅದರೊಳಗೆ ಅಪ್ಪನ ದೃಶ್ಯ ಪೂರ್ತಿಯಾಗಿ. ಕತ್ತರಿ ಹಾಕಬೇಕಾದರೆ ಎರಡನೆಯ ಅಂಕದ ಮೊದಲ ಸುನೀತಕ್ಕೆ, ಸಾವಿನ ಮನೆಯಲ್ಲಿ ವಾದ್ಯದವರು ಹರಟುವ ಭಾಗಕ್ಕೆ ಹಾಕಿ; ಚುಟುಕಾಗಿ ಹೇಳುತ್ತೇನೆ ಎಂದು ಶುರುಮಾಡಿ ಪಾದ್ರಿ ಕೊನೆಯಲ್ಲಿ ಒಪ್ಪಿಸುವ ನಲವತ್ತು ಸಾಲಿನ ವರದಿಯನ್ನು ಹತ್ತಕ್ಕೆ ಇಳಿಸಿ. ದಾದಿ ಸೂಸನ್‌ಳನ್ನು ನೆನೆಯುವ ಮಾತನ್ನು, ರೋಮಿಯೋಗೆ ವಿಷ ಮಾರುವ ಔಷಧದವನ ದೃಶ್ಯವನ್ನು ಮುಟ್ಟಬೇಡಿ. ಪಠ್ಯದ ತೊಡಕುಗಳಲ್ಲಿ ಆಸಕ್ತಿಯಿದ್ದವರು 1597, 1599 ಎರಡೂ ಮುದ್ರಣಗಳ ಪಾಠ ಕೊಡುವ ಜಿಲ್ ಲೆವೆನ್‌ಸನ್ ಸಂಪಾದನೆಯ ಆಕ್ಸ್‌ಫರ್ಡ್ ಪ್ರತಿಯನ್ನು ಹಿಡಿಯಬಹುದು.

ಕೊನೆಯ ನೂರು ಸಾಲುಗಳನ್ನು ಹೇಗೆ ಆಡಿಸುತ್ತೀರಿ ಎಂಬುದರಲ್ಲಿ ನಿಮ್ಮ ಆಯ್ಕೆ ಬಯಲಾಗುತ್ತದೆ. ಕ್ಯಾಪ್ಯುಲೆಟ್ ಮಾಂಟೆಗ್ಯೂವಿನ ಕೈ ಹಿಡಿದು, ಇದೇ ನನ್ನ ಮಗಳಿಗೆ ಗಂಡಿನ ಮನೆಯಿಂದ ಬರುವ ಪಾಲು, ಇದಕ್ಕಿಂತ ಹೆಚ್ಚು ಕೇಳಲಾರೆ ಎನ್ನುತ್ತಾನೆ. ನಾನು ಹೆಚ್ಚು ಕೊಡಬಲ್ಲೆ, ಅವಳಿಗೆ ಅಪ್ಪಟ ಚಿನ್ನದ ಪ್ರತಿಮೆ ಮಾಡಿಸುತ್ತೇನೆ ಎನ್ನುತ್ತಾನೆ ಮಾಂಟೆಗ್ಯೂ. ಅಷ್ಟೇ ಬೆಲೆಯದು ರೋಮಿಯೋಗೂ ಎಂದು ಕ್ಯಾಪ್ಯುಲೆಟ್. ಮಕ್ಕಳ ಹೆಣದ ಮುಂದೆಯೂ ಮಾತುಕತೆ ಮದುವೆಯ ಲೇವಾದೇವಿಯ ಭಾಷೆಯಲ್ಲೇ ನಡೆಯುತ್ತದೆ. ಇದನ್ನು ಸಂಧಾನವೆಂದು ಆಡಿಸಬಹುದು, ಪೈಪೋಟಿಯೆಂದೂ ಆಡಿಸಬಹುದು. ಬಳಿಕ ರಾಜ, ಕೆಲವರಿಗೆ ಕ್ಷಮೆ ಸಿಗುತ್ತದೆ, ಕೆಲವರಿಗೆ ಶಿಕ್ಷೆ ಎಂದು ಹೇಳಿ ಹೆಸರು ಹೇಳದೆ ಹೊರಡುತ್ತಾನೆ. ಬ್ರೂಕ್ ಹೆಸರು ಹೇಳಿದ್ದ: ಅವನ ಕವನದಲ್ಲಿ ದಾದಿಗೆ ಗಡಿಪಾರು, ವಿಷ ಮಾರಿದವನಿಗೆ ನೇಣು. ನನ್ನ ಬಡತನ ಒಪ್ಪುತ್ತಿದೆ, ಮನಸ್ಸು ಒಪ್ಪುತ್ತಿಲ್ಲ ಎಂದು ಹೇಳಿ ನಲವತ್ತು ಡುಕಾಟ್ ನಾಣ್ಯ ಪಡೆದವನನ್ನು ನಾಟಕದಲ್ಲೂ ನೇಣಿಗೆ ಹಾಕಬೇಕೇ? ನಾನಾದರೆ ಕಾವಲುಗಾರರನ್ನು ಅವನ ಕಡೆಗೆ ಕಳಿಸುವುದಿಲ್ಲ. ಚಿನ್ನದ ಮಾತಾಡುತ್ತಿರುವ ಇಬ್ಬರು ಅಪ್ಪಂದಿರ ಹಿಂದೆ ಇಬ್ಬಿಬ್ಬರನ್ನು ನಿಲ್ಲಿಸುತ್ತೇನೆ.